ಓಟ ಮೊದಲು, ನೋಟ ಅನಂತರ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ಪಟ್ಟಣಗಳಿಗೆ ರೈಲು ನಿಲ್ದಾಣದ ಭಾಗ್ಯ ಇನ್ನೂ ಒದಗಿಲ್ಲ. ಇಲ್ಲಿಯವರು ದಾವಣಗೆರೆಗೋ ಹರಿಹರಕ್ಕೋ ಶಿವಮೊಗ್ಗಕ್ಕೋ ಬಸ್ಸಿನಲ್ಲಿ ಹೋಗಿಯೇ ರೈಲು ಹತ್ತಬೇಕು. ಅಪರೂಪವಾದುದರಲ್ಲಿ ಮಕ್ಕಳಿಗೆ ಆಸೆ ಹೆಚ್ಚು. ರಜೆ ಬಂದಿತೆಂದರೆ ರಟ್ಟಿನಲ್ಲಿ ಡಬ್ಬಿಗಳನ್ನು ಕತ್ತರಿಸಿ ಅಂಟಿಸುವ ಮಕ್ಕಳಿದ್ದಾರೆ. ಅನುಕೂಲವುಳ್ಳ ಮನೆಗಳಿಗೆ ಹಳಿಸಹಿತವಾದ ವಿದ್ಯುತ್ ರೈಲು ಬರುವುದೂ ಉಂಟು. ನಾಲ್ಕು ದಿನ ಮನೆಯೆಲ್ಲ ಸಂಭ್ರಮ. ಐದನೆಯ ದಿನ ಡಬ್ಬಿ ತಿರುವಿನಲ್ಲಿ ಹಳಿ ತಪ್ಪತೊಡಗುತ್ತದೆ. ಮಗು ಬೇಸತ್ತು ಅದನ್ನು ಅಟ್ಟಕ್ಕೆ ಸೇರಿಸುತ್ತದೆ. ಹಿರಿಯರು ‘ದುಡ್ಡು ದಂಡವಾಯಿತು’ ಎಂದು ಗೊಣಗುತ್ತಾರೆ. ಹಳಿ ತಪ್ಪುವುದಕ್ಕೆ ಕಾರಣಗಳು ಸಾಮಾನ್ಯವಾಗಿ ಅತ್ಯಲ್ಪವಾದವು, ಮನೆಯಲ್ಲಿಯೇ ಸರಿಪಡಿಸಬಹುದಾದವು. ಬಣ್ಣ ಬಳಿಯುವುದಕ್ಕೆ ಮುನ್ನ ಗಾಲಿಯನ್ನು ನೋಡಬೇಕೆಂಬ ಕ್ರಮವೊಂದನ್ನು ಮಗು ಕಲಿತರೆ ಸಾಕು.

ಮೊದಲು ಅಳತೆಯ ವಿಚಾರ. ಮನೆಯಲ್ಲಿ ಓಡಿಸುವ ಮಾದರಿ ರೈಲುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ‘ಎಚ್‌ಓ’ ಎಂಬ ಪ್ರಮಾಣ. ನಿಜವಾದ ಗಾಡಿಯ 87ನೆಯ ಒಂದು ಭಾಗ. ಮದರಾಸಿನ ಪೆರಂಬೂರಿನಲ್ಲಿ 1955ರಲ್ಲಿ ಆರಂಭವಾದ ಕಾರ್ಖಾನೆಯಿಂದ ಹೊರಬಂದು ದೇಶವನ್ನೆಲ್ಲ ಸುತ್ತಿದ ಪ್ರಯಾಣಿಕರ ಡಬ್ಬಿಯ ಉದ್ದ 21.337 ಮೀಟರು, ಅಗಲ 3.245 ಮೀಟರು. ಇವನ್ನು 87ರಿಂದ ಭಾಗಿಸಿದರೆ 245 ಮಿಲಿಮೀಟರು ಉದ್ದ, 37 ಮಿಲಿಮೀಟರು ಅಗಲ ದೊರೆಯುತ್ತದೆ. ರಟ್ಟಿನಲ್ಲಿ ಡಬ್ಬಿ ಮಾಡುವ ಮಗು ಈ ಭಾಗಾಕಾರವನ್ನು ತಾನೇ ಮಾಡಲಿ. ಇಲ್ಲೊಂದು ತೊಡಕೂ ಉಂಟು. ಎಚ್‌ಓ ಹಳಿಗಳ ನಡುವಣ ಅಂತರ 16.5 ಮಿಲಿಮೀಟರು, ಅದು ಯುರೋಪು ಅಮೆರಿಕಗಳ 1435 ಮಿಲಿಮೀಟರು ಹಳಿಗೆ ಹೊಂದುವ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರು. ಅದರ ಮಾದರಿಗೆ 19.3 ಬೇಕು. ಹೀಗಾಗಿ ಪೇಟೆಯ ಹಳಿಯ ಮೇಲೆ ನಿಂತ ನಮ್ಮ ಡಬ್ಬಿ ಕಾಲು ಕೂಡಿಸಿ ನಿಂತಂತೆ ಕಾಣುತ್ತದೆ. ಅನುಕೂಲಕ್ಕಾಗಿ ಇದನ್ನು ಒಪ್ಪಿಕೊಳ್ಳಬಹುದು; ಆದರೆ ಒಪ್ಪಿಕೊಂಡಿದ್ದೇವೆಂಬ ಅರಿವಿರಬೇಕು.

ಇನ್ನು ಗಾಲಿ. ಎತ್ತಿನ ಗಾಡಿಯ ಗಾಲಿಗಳೆರಡೂ ಅಚ್ಚಿನ ಮೇಲೆ ಬೇರೆಬೇರೆಯಾಗಿ ತಿರುಗುತ್ತವೆ. ರೈಲಿನಲ್ಲಿ ಹಾಗಿಲ್ಲ, ಎರಡು ಗಾಲಿಗಳೂ ಅಚ್ಚೂ ಒಂದೇ ಆಗಿ ಉರುಳುತ್ತವೆ. ತೇರು ತಿರುಗಬೇಕಾದರೆ ಗಾಲಿಯಡಿಗೆ ಮರದ ತುಂಡು ಕೊಡುವವರಿರಬೇಕು, ರೈಲನ್ನು ತಿರುಗಿಸುವವರಾರು? ಗಾಲಿಯ ಆಕಾರವೇ ತಿರುಗಿಸುತ್ತದೆ. ಹಳಿಯ ಮೇಲೆ ಕೂರುವ ಅದರ ಅಂಚು ಸಮತಟ್ಟಾಗಿರದೆ, 20ಕ್ಕೆ 1ರಂತೆ ಹೊರಮುಖವಾಗಿ ಇಳಿಜಾರಾಗಿದೆ. ತಿರುವಿನಲ್ಲಿ ಗಾಲಿಜೋಡಿ ಹೊರಗಡೆಗೆ ಸ್ವಲ್ಪ ಸರಿದಾಗ ಹೊರಗಾಲಿಯ ದೊಡ್ಡ ಸುತ್ತಳತೆಯೂ ಒಳಗಾಲಿಯ ಚಿಕ್ಕ ಸುತ್ತಳತೆಯೂ ಹಳಿಯನ್ನು ಮುಟ್ಟುತ್ತವೆ. ಹೊರಗಾಲಿ ಹೆಚ್ಚು ದೂರವನ್ನು ಕ್ರಮಿಸಿ ಡಬ್ಬಿ ತಾನಾಗಿ ಹೊರಳುತ್ತದೆ. ಬೆಂಗಳೂರು ಸಮೀಪದ ಯಲಹಂಕದಲ್ಲಿ 1984ರಿಂದ ಗಾಲಿ ಮತ್ತು ಅಚ್ಚುಗಳನ್ನು ತಯಾರಿಸುತ್ತಿರುವ ಕಾರ್ಖಾನೆಯನ್ನು ಮಕ್ಕಳಿಗೆ ಹೇಳಿಕೊಡಲು ಇದು ತಕ್ಕ ಸಂದರ್ಭ.

ಮಾದರಿಯಲ್ಲಿ ಪರೀಕ್ಷಿಸಬೇಕಾದುದು ಇಷ್ಟು. ಜೋಡಿಗಾಲಿಗಳ ಒಳಬದಿಗಳ ನಡುವಣ ಅಂತರ ಸುಮಾರು 14.4 ಮಿಲಿಮೀಟರು ಇರಬೇಕು; ಎಲ್ಲ ಜೋಡಿಗಳಲ್ಲಿಯೂ ಒಂದೇ ಆಗಿರಬೇಕು. ಪ್ಲಾಸ್ಟಿಕ್ ಗಾಲಿಗಳಿಗೆ ಕೊಳೆ ಬೇಗ ಅಂಟುವುದರಿಂದ, ಸಾಧ್ಯವಾದರೆ ಲೋಹದ ಗಾಲಿಗಳನ್ನು ಹಾಕಿಸುವುದು ಲೇಸು. ಗಾಡಿಗೆ ಕೀಲೆಣ್ಣೆ ಹಾಕುವ ರೂಢಿಯಿಂದ ಇದಕ್ಕೂ ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಅದು ಧೂಳು ಹಿಡಿದು ಜಿಗುಟಾಗುತ್ತದೆ. ಅಚ್ಚಿನ ತುದಿಗೆ ಪೆನ್ಸಿಲ್ಲಿನ ಸೀಸದ ಪುಡಿ ಚಿಟಿಕೆಯಷ್ಟು ಸಾಕು. ಬಳಿಕ ಹಲಗೆಯ ಮೇಲೆ ಹಳಿಯಿರಿಸಿ, ಹಲಗೆಯ ಒಂದು ತುದಿಗೆ ಪುಸ್ತಕವನ್ನು ಒತ್ತುಕೊಟ್ಟು, ಡಬ್ಬಿಗಳನ್ನು ಒಂದೊಂದಾಗಿ ಜಾರಬಿಡಬೇಕು. ಯಾವುದು ಬೇಗ ನಿಂತಿತೋ ಅದರ ಗಾಲಿಗೆ ಚಿಕಿತ್ಸೆ ಬೇಕೆಂದು ಅರ್ಥ.

ಮೂರನೆಯದು ತೂಕ. ಹಗುರವಾದ ಡಬ್ಬಿ ಹಳಿಯ ಸಂದಿನಲ್ಲಿ ಪುಟಿಯುತ್ತದೆ. ತಿರುವಿನಲ್ಲಿ ಮುಂದಿನ ಎಳೆತಕ್ಕೆ ಒಳಕ್ಕೆ ವಾಲಿ ಬೀಳುತ್ತದೆ. ಅಮೆರಿಕದ ಮಾದರಿ ರೈಲು ಸಂಘ ಎಚ್‌ಓ ಡಬ್ಬಿಗಳಿಗೆ ಹೇಳಿರುವ ಸೂತ್ರವನ್ನು ನಮ್ಮ ಅಳತೆಗೆ ತಂದರೆ, ಮೊದಲು 28 ಗ್ರಾಂ, ಆಮೇಲೆ ಉದ್ದದ ಪ್ರತಿ 25 ಮಿಲಿಮೀಟರಿಗೆ 14 ಗ್ರಾಂ. ನಮ್ಮ 245 ಮಿಲಿಮೀಟರು ಡಬ್ಬಿಗೆ ಒಟ್ಟು 165 ಗ್ರಾಂ ಆಗುತ್ತದೆ. ಕೊರತೆಯನ್ನು ಕಬ್ಬಿಣದ ವಾಷರುಗಳಿಂದ ತುಂಬಬಹುದು. ಅವು ನೆಲಗಟ್ಟಿಗೆ ಅಂಟಿಕೊಂಡು, ಎರಡು ತುದಿಗಳಿಗೂ ಸಮನಾಗಿ ಹಂಚಿಕೆಯಾಗಿರಬೇಕು. ಮೇಲ್ಭಾಗ ಭಾರವಾದರೆ ಡಬ್ಬಿ ಮಗುಚೀತು. ಸೀಸದ ತುಂಡುಗಳನ್ನು ಮಕ್ಕಳ ಕೈಗೆ ಕೊಡಲಾಗದು, ಅದು ವಿಷ.

ನಾಲ್ಕನೆಯದು ಬೋಗಿ. ಜನರ ಮಾತಿನಲ್ಲಿ ಡಬ್ಬಿಯನ್ನೇ ಬೋಗಿ ಎನ್ನುವುದು ರೂಢಿ. ವಾಸ್ತವವಾಗಿ ಡಬ್ಬಿಯ ಎರಡು ತುದಿಗಳ ಕೆಳಗೆ ಇರುವ, ನಾಲ್ಕು ಗಾಲಿಗಳ ಚೌಕಟ್ಟೇ ಬೋಗಿ. ಇವೆರಡನ್ನೂ ಬಿಗಿಯಾಗಿ ತಿರುಪಿದರೆ, ಹಳಿ ಕೊಂಚ ಓರೆಯಾದಲ್ಲಿ ಒಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ಎರಡನ್ನೂ ಸಡಿಲ ಬಿಟ್ಟರೆ ಡಬ್ಬಿ ತೂಗಾಡುತ್ತದೆ. ನಮ್ಮ ಹಳ್ಳಿಗಳ ಮೂರು ಕಲ್ಲಿನ ಒಲೆಯನ್ನು ನೆನೆಯಿರಿ. ನೆಲ ಎಷ್ಟೇ ಏರುಪೇರಾಗಿದ್ದರೂ ಮೂರು ಕಲ್ಲುಗಳ ಮೇಲಿನ ಮಡಕೆ ಅಲುಗದು. ಹಾಗೆಯೇ ಒಂದು ಬೋಗಿ ಅಡ್ಡಕ್ಕೆ ಓಲಾಡದೆ ಸುತ್ತ ತಿರುಗುವಷ್ಟು ಮಾತ್ರ ಬಿಗಿಯಾಗಿರಲಿ. ಇನ್ನೊಂದು ಎಲ್ಲ ಕಡೆಗೂ ಓಲಾಡುವಷ್ಟು ಸಡಿಲವಾಗಿರಲಿ. ಬಿಗಿಯಾದುದು ಎರಡು ಕಲ್ಲು, ಸಡಿಲವಾದುದು ಒಂದು ಕಲ್ಲು. ಹಳಿ ತಪ್ಪುವ ಎಷ್ಟೋ ಡಬ್ಬಿಗಳು ಈ ಒಂದು ತಿರುಪಿನಿಂದ ಸರಿಹೋಗುತ್ತವೆ.

ಐದನೆಯದು ತಿರುವು. ಪೇಟೆಯ ಪೆಟ್ಟಿಗೆಗಳಲ್ಲಿ ಬರುವ ವೃತ್ತಾಕಾರದ ಹಳಿಗಳ ತ್ರಿಜ್ಯ ಸಾಮಾನ್ಯವಾಗಿ 457 ಮಿಲಿಮೀಟರು ಅಥವಾ ಅದರ ಆಸುಪಾಸು. ನಮ್ಮ ಪೂರ್ಣ ಉದ್ದದ ಡಬ್ಬಿಯ ಎರಡು ಬೋಗಿಗಳ ನಡುವಣ ದೂರ ಮಾದರಿಯಲ್ಲಿ 170 ಮಿಲಿಮೀಟರು. ಅಂತಹ ತಿರುವಿನಲ್ಲಿ ಡಬ್ಬಿಯ ನಡುಭಾಗ ಸುಮಾರು 8 ಮಿಲಿಮೀಟರು ಒಳಕ್ಕೆ ಚಾಚುತ್ತದೆ, ತುದಿಗಳು ಹೊರಕ್ಕೆ ಚಾಚಿ ಕೊಂಡಿಗಳು ಒಂದನ್ನೊಂದು ಪಕ್ಕಕ್ಕೆ ಎಳೆದಾಡುತ್ತವೆ. ಡಬ್ಬಿಯ ಉದ್ದದ ಎರಡೂವರೆ ಪಟ್ಟು, ಅಂದರೆ 610 ಮಿಲಿಮೀಟರಿನಷ್ಟಾದರೂ ತ್ರಿಜ್ಯವಿದ್ದರೆ ಓಟ ಸುಗಮ. ಮೂರು ಪಟ್ಟಾದರೆ ನೋಟವೂ ಚೆಂದ. ಅಷ್ಟು ಜಾಗವಿಲ್ಲದ ಮನೆಯಲ್ಲಿ ಗಿಡ್ಡ ಡಬ್ಬಿಗಳನ್ನು ಓಡಿಸುವುದೇ ವಿವೇಕ. ಕೊಂಡಿಗಳೆಲ್ಲವೂ ಒಂದೇ ಎತ್ತರದಲ್ಲಿರಲಿ.

ಓಟ ಸರಿಯಾದ ಮೇಲೆ ನೋಟಕ್ಕೆ ಬರೋಣ. ಆಟಿಕೆಯನ್ನು ಆಟಿಕೆಯೆಂದು ಹೇಳಿಬಿಡುವುದು ಅದರ ಹೊಳಪು; ಹೊಳಪಿಲ್ಲದ ವಾರ್ನಿಷನ್ನು ತೆಳುವಾಗಿ ಎರೆದರೆ ಅದು ಮಾಯವಾಗುತ್ತದೆ. ನಮ್ಮ ಸಾಮಾನ್ಯ ದರ್ಜೆಯ ಡಬ್ಬಿಗೆ ಕಿಟಕಿಯ ಅಡ್ಡಕಂಬಿಗಳೇ ಮುಖಲಕ್ಷಣ. ತೆಳುವಾದ ತಂತಿಯನ್ನಾಗಲಿ ದಾರವನ್ನಾಗಲಿ ಒಳಗಿನಿಂದ ಅಂಟಿಸಬಹುದು. ಡಬ್ಬಿಗಳ ನಡುವಿನ ಅಗಲವಾದ ಸಂದನ್ನು ಕಪ್ಪು ಕಾಗದದ ಮಡಿಕೆಗಳಿಂದ ಮುಚ್ಚಿದರೆ ರೈಲು ಒಂದೇ ದೇಹವಾಗಿ ಕಾಣುತ್ತದೆ. ಗಾಲಿ ಮತ್ತು ಬೋಗಿಗಳಿಗೆ ಬ್ರೇಕಿನ ಪುಡಿಯ ಕಂದು ಬಣ್ಣ, ಮಾಡಿಗೆ ಧೂಳಿನ ಬೂದು ಬಣ್ಣ ಇರಲಿ; ನಮ್ಮ ಕೆಂಪು ಮಣ್ಣನ್ನೇ ಜರಡಿ ಹಿಡಿದು ಕುಂಚದಿಂದ ಸವರಬಹುದು. ಅತಿಯಾಗಬಾರದು. ಒಳಗೆ ದೀಪವಿಡುವುದಾದರೆ 12 ವೋಲ್ಟಿನ ಹಳಿಗೆ ಎಲ್‌ಇಡಿಯ ಜೊತೆ 1000 ಓಮ್ ರೋಧಕ ಅವಶ್ಯ. ಮನೆಯ ಪ್ಲಗ್ಗಿಗೆ ನೇರವಾಗಿ ಯಾವ ತಂತಿಯನ್ನೂ ಜೋಡಿಸಕೂಡದು.

ಇನ್ನು ಬಣ್ಣ ಯಾವುದು? ಈ ಪ್ರಶ್ನೆಗೆ ಉತ್ತರ ಮನೆಯ ಹಿರಿಯರಲ್ಲಿದೆ. ದಾವಣಗೆರೆಯ ಹಾದಿಯೂ ಶಿವಮೊಗ್ಗದ ಹಾದಿಯೂ 1990ರ ದಶಕದವರೆಗೆ ಮೀಟರ್‌ಗೇಜ್ ಆಗಿದ್ದವು. ಇಟ್ಟಿಗೆಗೆಂಪಿನ ಚಿಕ್ಕ ಡಬ್ಬಿಗಳು ಅವುಗಳ ಮೇಲೆ ಓಡಿದವು. ಅವು ಹೋದವು, ಅಗಲ ಹಳಿ ಬಂದಿತು. ಕೆಂಪು ಹೋಗಿ ನೀಲಿ ಬಂದಿತು. ಪೆರಂಬೂರಿನ ಆ ಹಳೆಯ ಮಾದರಿಯ ತಯಾರಿಕೆಯೂ 2018ರಲ್ಲಿ ನಿಂತು, ಜರ್ಮನ್ ವಿನ್ಯಾಸದ ಉದ್ದ ಡಬ್ಬಿಗಳು ಅದರ ಸ್ಥಾನಕ್ಕೆ ಬಂದಿವೆ. ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲು ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನು ಗಾಡಿ ಭದ್ರವಾಗಿದೆ. ಆದರೆ ನಮ್ಮ ಅಜ್ಜಂದಿರು ಬುತ್ತಿಗಂಟು ಹಿಡಿದು ಮರದ ಹಲಗೆಯ ಮೇಲೆ ಕುಳಿತು ಹೋದ ಮೂರನೆಯ ದರ್ಜೆಯ ಡಬ್ಬಿ ಉಳಿಯಬೇಕಾದರೆ ಯಾರಾದರೂ ಕೇಳಬೇಕು, ಯಾರಾದರೂ ಹೇಳಬೇಕು. ಬಾಗಿಲು ಎತ್ತ ತೆರೆಯುತ್ತಿತ್ತು, ಹಲಗೆಗಳು ಹೇಗಿದ್ದವು, ಸಾಮಾನು ಎಲ್ಲಿಡುತ್ತಿದ್ದರು ಎಂದು ಮೊಮ್ಮಗಳು ಕಾಗದ ಹಿಡಿದು ಕೇಳಿದರೆ, ತಾತ ಎರಡು ಗಳಿಗೆ ಟೀವಿಯನ್ನು ಮರೆತಾರು.

ಆದುದರಿಂದ ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಅಟ್ಟ ಸೇರಿದ ಡಬ್ಬಿಯನ್ನು ಈ ರಜೆಯಲ್ಲಿ ಕೆಳಗಿಳಿಸಿರಿ. ಹೊಸದನ್ನು ಕೊಡಿಸುವ ಮೊದಲು ಹಳೆಯದರ ಗಾಲಿಯನ್ನು ಮಗುವಿನೊಡನೆ ಕುಳಿತು ನೋಡಿರಿ. ಹೆಣ್ಣುಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿರಿ. ತಿರುಪುಳಿ ಹಿಡಿಯುವುದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ತಾನು ಸರಿಪಡಿಸಿದ ಡಬ್ಬಿ ತಿರುವನ್ನು ದಾಟಿ ಹಳಿ ತಪ್ಪದೆ ಬಂದಾಗ ಮಗುವಿಗಾಗುವ ಸಂತೋಷ ಅಂಗಡಿಯಲ್ಲಿ ಬೆಲೆಗೆ ದೊರಕುವಂಥದಲ್ಲ.