ನಷ್ಟವನ್ನು ಅಳೆಯುವ ಸೇರು

2020ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕೆಲವು ರೈತರು ಆಗತಾನೇ ಕರೆದ ಹಾಲನ್ನು ಗೊಬ್ಬರದ ಹೊಂಡಕ್ಕೆ ಸುರಿದರು. ಅದೇ ದಿನಗಳಲ್ಲಿ ಆ ದೇಶದ ಅನೇಕ ಅಂಗಡಿಗಳಲ್ಲಿ ಒಬ್ಬರಿಗೆ ಇಷ್ಟೇ ಹಾಲು ಎಂಬ ಮಿತಿಯಿತ್ತು! ಇದಕ್ಕೆ ಕಾರಣ ಕೊರೊನಾ. ಶಾಲೆ, ಹೋಟೆಲುಗಳು ಬಾಗಿಲು ಹಾಕಿದ್ದವು. ಅವುಗಳಿಗೆಂದೇ ಹಾಲು ತುಂಬಿಸುತ್ತಿದ್ದ ಡೈರಿಗಳು ರಾತ್ರೋರಾತ್ರಿ ಮನೆಬಳಕೆಯ ಡಬ್ಬಿಗಳಿಗೆ ಬದಲಾಗುವಂತಿರಲಿಲ್ಲ. ಹಸುವಾದರೋ ಕಾಯುವ ಪ್ರಾಣಿಯಲ್ಲ. ದಿನವೂ ಹೊತ್ತುಹೊತ್ತಿಗೆ ಕರೆಯಲೇಬೇಕು.

ಏಪ್ರಿಲ್ 17ರಂದು ಅಲ್ಲಿನ ಕೃಷಿ ಇಲಾಖೆ 1,900 ಕೋಟಿ ಡಾಲರುಗಳ ಯೋಜನೆಯನ್ನು ಪ್ರಕಟಿಸಿತು. ಇದರಲ್ಲಿ 1,600 ಕೋಟಿ ನೇರವಾಗಿ ರೈತರಿಗೆ. ಉಳಿದದ್ದು ಹಾಲು, ಮಾಂಸ, ತರಕಾರಿ ಕೊಂಡು ಬಡವರಿಗೆ ಹಂಚಲು. ಸೆಪ್ಟೆಂಬರಿನಲ್ಲಿ 1,400 ಕೋಟಿ ಡಾಲರುಗಳವರೆಗಿನ ಎರಡನೆಯ ಕಂತು ಬಂತು.

ಇಷ್ಟು ಹಣ ಹಳ್ಳಿಯ ರೈತನಿಗೆ ತಲುಪುವುದು ಹೇಗೆ? ಅಮೆರಿಕದ ರಾಜ್ಯಗಳು ಕೌಂಟಿಗಳೆಂಬ ಭಾಗಗಳಾಗಿ ಹಂಚಿಹೋಗಿವೆ. ಕೌಂಟಿ ಮಟ್ಟದಲ್ಲಿ ಕೃಷಿ ಇಲಾಖೆಯ ಕಚೇರಿಗಳಿದ್ದು, ಅವುಗಳ ಮೇಲೆ ರೈತರೇ ಚುನಾಯಿಸಿದ ಸಮಿತಿ ಇರುತ್ತದೆ. ಮೇ 26ರಿಂದ ಅರ್ಜಿಗಳನ್ನು ಪಡೆದದ್ದು ಈ ಕಚೇರಿಗಳೇ. ಸೋಂಕಿನ ಭಯದಿಂದ ಕೆಲಸ ಬಹುಮಟ್ಟಿಗೆ ದೂರವಾಣಿಯಲ್ಲೇ ನಡೆಯಿತು.

ಹೈನುಗಾರರಿಗೆ ಪರಿಹಾರ ಸಿಕ್ಕಿದ್ದು ಹಾಲಿನ ತೂಕದ ಮೇಲೆ. ಜನವರಿಯಿಂದ ಮಾರ್ಚ್‌ವರೆಗೆ ಕರೆದ ಪ್ರತಿ 100 ಪೌಂಡ್, ಎಂದರೆ ಸುಮಾರು 45 ಕಿಲೋ ಹಾಲಿಗೆ ಒಟ್ಟು 6 ಡಾಲರ್ 20 ಸೆಂಟ್. ಒಂದು ಹಸು ಆ ಮೂರು ತಿಂಗಳಲ್ಲಿ 6,000 ಪೌಂಡ್ ಹಾಲು ಕೊಟ್ಟಿತೆಂದು ಇಟ್ಟುಕೊಳ್ಳಿ. 50 ಹಸುಗಳ ರೈತನಿಗೆ 18,600 ಡಾಲರ್, 500 ಹಸುಗಳವನಿಗೆ 1,86,000 ಡಾಲರ್. 1,000 ಹಸುಗಳವನಿಗೆ 3,72,000 ಆಗಬೇಕಿತ್ತು. ಆದರೆ ಒಬ್ಬರಿಗೆ 2,50,000 ಡಾಲರುಗಳ ಮಿತಿಯಿತ್ತು. ಪಾಲುದಾರರು ದುಡಿಯುವ ಕಂಪನಿಗಳಿಗೆ ಈ ಮಿತಿ 7,50,000ದವರೆಗೂ ಏರುತ್ತಿತ್ತು.

ದೊಡ್ಡವರಿಗೆ ದೊಡ್ಡ ಪಾಲು ಹೋಯಿತೆಂದು ಟೀಕೆ ಬಂದದ್ದು ಸಹಜ. ಆದರೆ ಹೆಚ್ಚು ಹಾಲು ಕರೆದವನ ನಷ್ಟವೂ ಹೆಚ್ಚಲ್ಲವೇ? ಮೇಲಾಗಿ ಹಾಲಿನ ಲೆಕ್ಕ ಡೈರಿಯ ಚೀಟಿಯಲ್ಲೇ ಸಿಗುತ್ತದೆ. ಹಣವನ್ನು ಬೇಗ ಹಂಚಬಹುದು.

ನಿಜವಾಗಿ ಪೆಟ್ಟು ತಿಂದವರು ಈ ಅಳತೆಗೆ ಸಿಕ್ಕದವರು. ಅಮೆರಿಕದಲ್ಲಿ ಕೋಳಿ ಸಾಕುವ ಬಹುಪಾಲು ರೈತರು ಕಂಪನಿಯೊಡನೆ ಕರಾರು ಮಾಡಿಕೊಂಡಿರುತ್ತಾರೆ. ಶೆಡ್ಡು ರೈತನದು, ಅದರ ಸಾಲವೂ ಅವನದೇ, ಕೋಳಿ ಮಾತ್ರ ಕಂಪನಿಯದು. ಕಂಪನಿ ಮರಿ ಕಳಿಸುವುದು ತಡವಾದರೆ ಆದಾಯ ನಿಂತಿತು. ಆದರೆ ಸರಕಿನ ಒಡೆಯನಿಗೇ ಪರಿಹಾರ ಎಂಬ ನಿಯಮದಿಂದ 2020ರಲ್ಲಿ ಇವರಿಗೆ ಏನೂ ಸಿಗಲಿಲ್ಲ. ಸಂಸತ್ತು ಕಾನೂನು ತಿದ್ದಿ, ಇವರ ಆದಾಯದ ನಷ್ಟಕ್ಕೆ ನೆರವಿನ ನಿಯಮ ಜಾರಿಗೆ ಬರುವಾಗ 2021ರ ಆಗಸ್ಟ್ ಆಗಿತ್ತು. ಅಷ್ಟರಲ್ಲಿ ಬ್ಯಾಂಕಿನ ಕಂತು ನಿಂತು ಕಾಯುತ್ತದೆಯೇ? ಹೊಲದಲ್ಲಿ ದುಡಿಯುವ ಕೂಲಿಯವರಂತೂ ಈ ಯೋಜನೆಯ ಲೆಕ್ಕದಲ್ಲೇ ಇರಲಿಲ್ಲ.

ಪರಿಹಾರದ ಸುದ್ದಿಯಲ್ಲಿ ಎಷ್ಟು ಕೋಟಿ ಎಂಬುದು ದಪ್ಪಕ್ಷರದಲ್ಲಿ ಬರುತ್ತದೆ. ಯಾವ ಸೇರಿನಿಂದ ಅಳೆದರು ಎಂಬುದನ್ನು ಓದುಗರೇ ಹುಡುಕಬೇಕು. ವಿದ್ಯಾರ್ಥಿಗಳು ಮನೆಯವರೊಡನೆ ಕುಳಿತು ಒಂದು ಲೆಕ್ಕ ಮಾಡಬಹುದು. ಮೇಲಿನ 50 ಮತ್ತು 500 ಹಸುಗಳ ಇಬ್ಬರು ರೈತರಿಗೆ ಸಿಕ್ಕ 2,04,600 ಡಾಲರುಗಳನ್ನು ಬೇರೆ ರೀತಿ ಹಂಚಿ ನೋಡಿ: ಮನೆಗೆ ಇಷ್ಟೆಂದು ಒಮ್ಮೆ, ಮೊದಲ 100 ಹಸುಗಳಿಗೆ ಮಾತ್ರ ಎಂದು ಇನ್ನೊಮ್ಮೆ. ಪ್ರತಿ ಸಲವೂ ಯಾರಿಗೆ ಸಂತೋಷ, ಯಾರಿಗೆ ಅನ್ಯಾಯ ಎಂದು ಚರ್ಚಿಸಿ. ಕೋಳಿ ಸಾಕಿದವನಿಗೂ, ಕೂಲಿಯವನಿಗೂ ಒಂದು ಪಾಲು ಇಡಲು ಮರೆಯಬೇಡಿ.