ಹಾಲಿನ ಕಾಯಿದೆಯ ಬಲೆಗೆ ಬೀಳುವವರು ಯಾರು?

ಜತ್ತ ಗಡಿಯ ಕಡೆಗಿರುವ ಕಳ್ಳಕವಟಗಿಯಂಥ ಊರಿನಲ್ಲಿ ಎರಡು ಎಮ್ಮೆ ಕಟ್ಟಿಕೊಂಡ ಹೆಣ್ಣುಮಗಳು ನಸುಕಿನಲ್ಲಿ ಹಾಲು ಹಿಂಡಿ ಡೇರಿಗೆ ಹಾಕುತ್ತಾಳೆ. ಜಿಡ್ಡು ತುಸು ಇಳಿದರೆ ಸಾಕು, ಅವಳ ದರಕ್ಕೆ ಅಲ್ಲಿಯೇ ಕತ್ತರಿ. ಅವಳ ವಿಚಾರಣೆ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಯೂರಿಯಾ, ಸಕ್ಕರೆ, ಅಗ್ಗದ ಎಣ್ಣೆ ಕಲಸಿ ಡಿಗ್ರಿಯನ್ನೂ ಜಿಡ್ಡನ್ನೂ ಸರಿದೂಗಿಸುವ ಲಾಭಕೋರನ ವಿಚಾರಣೆಗೆ ಮಾತ್ರ ವರ್ಷಗಳು ಬೇಕು.

ಕಾಯಿದೆ ಇಲ್ಲವೆಂದಲ್ಲ. 1954ರ ಕಲಬೆರಕೆ ತಡೆ ಕಾಯಿದೆ ಹೋಗಿ, 2006ರ ಆಹಾರ ಸುರಕ್ಷತಾ ಕಾಯಿದೆ 2011ರ ಆಗಸ್ಟ್ 5ರಿಂದ ಜಾರಿಯಲ್ಲಿದೆ. ಮಾಲು ಬರೀ ಕಳಪೆಯೆಂದು ಕಂಡುಬಂದರೆ 5 ಲಕ್ಷದವರೆಗೆ ದಂಡ, ಜೈಲಿಲ್ಲ. ಆರೋಗ್ಯಕ್ಕೆ ಅಪಾಯಕಾರಿಯೆಂದಾದರೆ ಮಾತ್ರ ಜೈಲು. ಸಾವು ಸಂಭವಿಸಿದರೆ ಜೀವಾವಧಿಯವರೆಗೆ. 2016ರಲ್ಲಿ ಸುಪ್ರೀಂ ಕೋರ್ಟು, ಹಾಲಿನ ಕಲಬೆರಕೆಗೆ ಶಿಕ್ಷೆ ಬಿಗಿಮಾಡುವುದನ್ನು ಯೋಚಿಸಿರೆಂದು ಕೇಂದ್ರ ಸರಕಾರಕ್ಕೆ ಹೇಳಿತು. ಆದದ್ದೇನು? 2023ರ ಜನ ವಿಶ್ವಾಸ ಕಾಯಿದೆಯು, ಯಾರಿಗೂ ಹಾನಿಯಾಗದ ಪ್ರಕರಣದಲ್ಲಿ 6 ತಿಂಗಳಿದ್ದ ಜೈಲನ್ನು 3 ತಿಂಗಳಿಗೆ ಇಳಿಸಿ, 1 ಲಕ್ಷದ ದಂಡವನ್ನು 3 ಲಕ್ಷಕ್ಕೆ ಏರಿಸಿತು! ಉಳ್ಳವನಿಗೆ ದಂಡವೆಂಬುದು ವ್ಯಾಪಾರದ ಒಂದು ಖರ್ಚು. ಜೈಲೊಂದೇ ಅವನು ಗಿರಾಕಿಯ ಮೇಲೆ ಹೇರಲಾಗದ ಬಾಬತ್ತು. ಅದನ್ನೇ ಇಳಿಸಿದರು. ಇದು ಯಾವ ಜನರ ವಿಶ್ವಾಸವೋ ನಾವರಿಯೆವು.

ಇನ್ನು ನಮ್ಮ ಕಿರಾಣಿ ಬಂಧುಗಳ ಮಾತು. 2025ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ನಂದಿನಿ ಹೆಸರಿನ ನಕಲಿ ತುಪ್ಪದ ಜಾಲವನ್ನು ಹಿಡಿದರು. ಅಂಥ ಡಬ್ಬಿ ಸಣ್ಣ ಅಂಗಡಿಗೆ ಬಂದರೆ ಗುರುತಿಸುವುದು ಹೇಗೆ? ಮಾಲು ಯಾರಿಂದ ಬಂತೆಂದು ತೋರಿಸಲಾಗದ ಅಂಗಡಿಕಾರ ತಾನೇ ಹೊಣೆ ಎನ್ನುತ್ತದೆ ಕಾಯಿದೆಯ 27ನೆಯ ಕಲಮು. ಆದ್ದರಿಂದ ಬಿಲ್ಲಿಲ್ಲದ ತುಪ್ಪ, ಖವಾ ಎಷ್ಟು ಸೋವಿಯಾದರೂ ಇಳಿಸಿಕೊಳ್ಳಬೇಡಿರಿ.

ಗಿರಣಿಯ ಗೆಳೆಯರಿಗೂ ಒಂದು ಹಕ್ಕಿದೆ. 40ನೆಯ ಕಲಮಿನ ಪ್ರಕಾರ, ಕೊಂಡವನು ಯಾರೇ ಇರಲಿ, ಶುಲ್ಕ ಕಟ್ಟಿ ಮಾಲನ್ನು ಪರೀಕ್ಷೆ ಮಾಡಿಸಬಹುದು. ದೋಷ ಸಿಕ್ಕರೆ ಶುಲ್ಕ ವಾಪಸು. ಒಬ್ಬನಿಗೆ ಇದು ಭಾರ, ನಿಜ. ಒಂದು ಚಾಳಿನವರು ಕೂಡಿದರೆ ಭಾರವಲ್ಲ. ಅಧಿಕಾರಿ ಮಾದರಿ ಒಯ್ದರೆ 14 ದಿನಗಳಲ್ಲಿ ವರದಿ ಕೊಡುವುದು ವಿಶ್ಲೇಷಕನ ಕರ್ತವ್ಯ. ಟಿಕೋಟಾ, ಬಬಲೇಶ್ವರ, ವಿಜಯಪುರಗಳಲ್ಲಿ ಎಷ್ಟು ಮಾದರಿ ತೆಗೆದರು, ಎಷ್ಟು ಕೆಟ್ಟವು, ಯಾವ ತಯಾರಕನ ಮೇಲೆ ಖಟ್ಲೆ ಹೂಡಿದರು ಎಂಬುದನ್ನು ತಿಂಗಳಿಗೊಮ್ಮೆ ತಾಲ್ಲೂಕು ಕಚೇರಿಯ ಹಲಗೆಗೆ ಹಚ್ಚಬೇಕೆಂದು ನಾವು ಒತ್ತಾಯಿಸುತ್ತೇವೆ.