ತೆರಿಗೆ ಕಟ್ಟದವರೆಲ್ಲ ದುಡಿಯದವರೇ?

ಬಡವರಿಗಾಗಿ ಸರಕಾರವು ಯಾವುದೇ ಯೋಜನೆಯನ್ನು ಘೋಷಿಸಲಿ, ಒಂದು ವಾದ ತಪ್ಪದೆ ಹುಟ್ಟಿಕೊಳ್ಳುತ್ತದೆ: 'ಬೆರಳೆಣಿಕೆಯ ಮಂದಿ ಆದಾಯ ತೆರಿಗೆ ಕಟ್ಟುತ್ತಾರೆ, ಉಳಿದವರು ಕುಳಿತು ಉಣ್ಣುತ್ತಾರೆ.' 2023ರಲ್ಲಿ ಕರ್ನಾಟಕದಲ್ಲಿ ಗ್ಯಾರಂಟಿ ಯೋಜನೆಗಳು ಜಾರಿಯಾದಾಗಲೂ ಈ ಮಾತು ಜೋರಾಗಿಯೇ ಕೇಳಿಸಿತು. ಇಂತಹ ಆರೋಪದ ಬೆರಳು ಕೊನೆಗೆ ಮುಸ್ಲಿಮರತ್ತ ತಿರುಗುವುದೂ ಹೊಸತಲ್ಲ. ಆದ್ದರಿಂದ ಈ ವಾದದ ಬುಡವನ್ನೇ ಪರೀಕ್ಷಿಸಬೇಕಾಗಿದೆ.

2022-23ರಲ್ಲಿ ದೇಶದಲ್ಲಿ ಸುಮಾರು 7.40 ಕೋಟಿ ಮಂದಿ ಆದಾಯ ವಿವರ ಸಲ್ಲಿಸಿದ್ದರು. ಅವರಲ್ಲಿ ಸುಮಾರು 5.16 ಕೋಟಿ ಮಂದಿಯ ತೆರಿಗೆ ಬಾಧ್ಯತೆ ಶೂನ್ಯ. ಸಂಪಾದನೆಯ ಲೆಕ್ಕ ಒಪ್ಪಿಸಿದವರಲ್ಲೇ ಹತ್ತರಲ್ಲಿ ಏಳು ಮಂದಿ ತೆರಿಗೆಯಿಂದ ಹೊರಗಿದ್ದರೆಂದಾಯಿತು. ಅವರೆಲ್ಲ ಸೋಮಾರಿಗಳೇ? 2025ರ ಬಜೆಟ್ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿ ತನಕದ ಆದಾಯಕ್ಕೆ ತೆರಿಗೆಯಿಲ್ಲವೆಂದಿತು. ಮಾರ್ಚ್ 31ರ ತನಕ ತೆರಿಗೆದಾರನಾಗಿದ್ದ ಉಪನ್ಯಾಸಕನೊಬ್ಬ ಎಪ್ರಿಲ್ 1ರಂದು ಆ ಪಟ್ಟಿಯಿಂದ ಹೊರಬಿದ್ದ. ಅವನೇನೂ ಅಂದು ಪಾಠ ನಿಲ್ಲಿಸಲಿಲ್ಲ. ಬದಲಾದದ್ದು ಅವನ ದುಡಿಮೆಯಲ್ಲ, ಸರಕಾರ ಎಳೆದ ಗೆರೆ.

ಈ ಗೆರೆಯ ಹೊರಗೆ ಇರುವವರು ಯಾರು? ಎಕರೆಗಟ್ಟಲೆ ಅಡಿಕೆ ತೋಟವಿರುವ ಶ್ರೀಮಂತನಿದ್ದಾನೆ, ಏಕೆಂದರೆ ಕೃಷಿ ಆದಾಯ ಎಷ್ಟೇ ಇದ್ದರೂ ಅದಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. ಅದೇ ತೋಟದ ಕೂಲಿಯೂ ಇದ್ದಾನೆ. ದುಬೈಯಲ್ಲಿ ಬೆವರು ಸುರಿಸುವ ಭಟ್ಕಳದ ಅನಿವಾಸಿ ಯುವಕನಿದ್ದಾನೆ, ಅಲ್ಲಿ ಗಳಿಸಿದ ಸಂಬಳಕ್ಕೆ ಇಲ್ಲಿ ತೆರಿಗೆಯಿಲ್ಲ. ದಕ್ಷಿಣ ಕನ್ನಡದ ಮನೆಯಂಗಳದಲ್ಲಿ ಬೀಡಿ ಕಟ್ಟುವ ತಾಯಿಯೂ ಇದ್ದಾಳೆ. ಸಿರಿವಂತನನ್ನೂ ಕೂಲಿಯನ್ನೂ ಒಂದೇ ಮೂಟೆಗೆ ತುಂಬುವ ಪಟ್ಟಿಯಿಂದ ಒಂದು ರಾಜ್ಯದ ದುಡಿಯುವ ಜನರನ್ನು ಅಳೆಯುವುದೆಂದರೆ ತಕ್ಕಡಿಯಲ್ಲಿ ಬಟ್ಟೆ ಅಳೆದಂತೆ. ಇನ್ನು ಆ ತಾಯಿ ತೆರಿಗೆಯನ್ನೇ ಕಟ್ಟುವುದಿಲ್ಲವೆಂಬುದೂ ಸುಳ್ಳು. ಮೊಬೈಲ್ ರೀಚಾರ್ಜ್ ಮಾಡಿಸುವಾಗ ಕೋಟ್ಯಧಿಪತಿ ತೆರುವ ಶೇ. 18 ಜಿಎಸ್‌ಟಿಯನ್ನೇ ಆಕೆಯೂ ತೆರುತ್ತಾಳೆ.

ಸಂಬಳದಾರನ ತೆರಿಗೆ ಕೈಗೆ ಹಣ ಬರುವ ಮೊದಲೇ ಕಡಿತವಾಗುತ್ತದೆ, ಹಾಗಾಗಿ ಅವನು ದಾಖಲೆಯಲ್ಲಿ ಎದ್ದು ಕಾಣುತ್ತಾನೆ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ ನಗರಗಳ ಮುಸ್ಲಿಮ್ ದುಡಿಮೆಗಾರರಲ್ಲಿ ನಿಯತ ಉದ್ಯೋಗವಿದ್ದವರು ಕೇವಲ ಶೇ. 27. ಪರಿಶಿಷ್ಟ ಜಾತಿ-ಪಂಗಡಗಳಲ್ಲಿ ಇದು ಶೇ. 40 ಇತ್ತು. ಉಳಿದ ಮುಸ್ಲಿಮರು ಗ್ಯಾರೇಜು, ಗುಜರಿ, ಮೀನು ಮಾರಾಟ, ಹೊಲಿಗೆಯಂತಹ ಕಸುಬುಗಳಲ್ಲಿ ಅಥವಾ ದಿನಗೂಲಿಯಲ್ಲಿ ಹೊಟ್ಟೆ ಹೊರೆಯುತ್ತಿದ್ದರು. ತೆರಿಗೆಯ ಪಟ್ಟಿಯಲ್ಲಿ ನಾವು ವಿರಳವಾಗಿದ್ದರೆ ಅದು ನಮಗೆ ಬಾಗಿಲು ತೆರೆಯದ ಕಚೇರಿಗಳ ಕಥೆಯೇ ಹೊರತು ನಮ್ಮ ಸೋಮಾರಿತನದ ಕಥೆಯಲ್ಲ. ದುಡಿಯುವವರನ್ನು ಎಣಿಸಬೇಕಿದ್ದರೆ ಮನೆಮನೆಗೆ ಹೋಗಿ ಕೆಲಸವನ್ನೇ ವಿಚಾರಿಸುವ ಕಾರ್ಮಿಕ ಪಡೆ ಸಮೀಕ್ಷೆಯಿದೆ. ಅದನ್ನು ಬಿಟ್ಟು ತೆರಿಗೆಯ ಪಟ್ಟಿಯನ್ನು ಎತ್ತಿಕೊಳ್ಳುವವರ ಉದ್ದೇಶ ತಿಳಿಯುವುದಲ್ಲ, ಹೀಯಾಳಿಸುವುದು.

ಇಸ್ಲಾಮ್ ಕೂಡಾ ಒಂದು ಗೆರೆಯನ್ನು ಎಳೆದಿದೆ. ನಿಸಾಬ್‌ಗಿಂತ ಕಡಿಮೆ ಸಂಪತ್ತಿರುವವನ ಮೇಲೆ ಝಕಾತ್ ಕಡ್ಡಾಯವಿಲ್ಲ. ಆದರೆ ಅವನನ್ನು ಯಾರೂ ಹೊರೆಯೆಂದು ಕರೆಯಲಿಲ್ಲ. ಬದಲಾಗಿ ಪವಿತ್ರ ಕುರ್‌ಆನ್ ಝಕಾತ್‌ನ ಎಂಟು ಹಕ್ಕುದಾರರನ್ನು ಹೆಸರಿಸುವಾಗ ಬಡವರನ್ನೇ ಮೊದಲಿಗೆ ಹೆಸರಿಸಿತು. ವಿನಾಯಿತಿಯೆಂಬುದು ಅಲ್ಲಿ ಕರುಣೆಯ ಗೆರೆ, ಅವಮಾನದ ಗೆರೆಯಲ್ಲ.

ಹಾಗೆಂದು ಪರರನ್ನು ದೂರಿ ಸುಮ್ಮನಾಗುವಂತಿಲ್ಲ. ಲಕ್ಷಾಂತರ ರೂಪಾಯಿ ವ್ಯಾಪಾರವಿದ್ದೂ ಲೆಕ್ಕವಿಡದ, ಆದಾಯ ಮರೆಮಾಚಿ ವಿದ್ಯಾರ್ಥಿವೇತನಕ್ಕಾಗಿ ಸುಳ್ಳು ಪ್ರಮಾಣಪತ್ರ ತರುವ ಜನರು ನಮ್ಮಲ್ಲಿಲ್ಲವೇ? ಅದು ವಿನಾಯಿತಿಯಲ್ಲ, ವಂಚನೆ. ಹೀಗೆ ಕಸಿದುಕೊಂಡ ಹಣ ನಮ್ಮದೇ ಓಣಿಯ ಅನಾಥ ಮಗುವಿನ ಪಾಲಾಗಿರಬಹುದು. ಲೆಕ್ಕವಿಲ್ಲದವನು ರಮಝಾನ್‌ನಲ್ಲಿ ಝಕಾತ್ ನೀಡುವುದಾದರೂ ಯಾವ ಅಂದಾಜಿನ ಮೇಲೆ? ತೆರಿಗೆ ಬರಲಿ ಬಾರದಿರಲಿ, ಪ್ರಾಮಾಣಿಕವಾಗಿ ವಿವರ ಸಲ್ಲಿಸಿದವನಿಗೆ ಬ್ಯಾಂಕು, ಕಚೇರಿಗಳಲ್ಲಿ ತೋರಿಸಲು ಒಂದು ದಾಖಲೆಯಿರುತ್ತದೆ. ಮಸೀದಿ ಜಮಾಅತ್‌ಗಳು ವರ್ಷಕ್ಕೊಮ್ಮೆಯಾದರೂ ಲೆಕ್ಕ ಬಲ್ಲವರನ್ನು ಕರೆಸಿ, ಈ ಕೆಲಸದಲ್ಲಿ ಜನರಿಗೆ ನೆರವಾಗಬಾರದೇಕೆ? ಅಸಂಘಟಿತ ಕಾರ್ಮಿಕರನ್ನು ಇ-ಶ್ರಮ್‌ನಲ್ಲಿ ನೋಂದಾಯಿಸಬಾರದೇಕೆ?

ನಮ್ಮ ಬೆವರನ್ನು ಇತರರು ಎಣಿಸದಿರುವುದು ಅನ್ಯಾಯ. ಅದನ್ನು ನಾವೇ ಎಣಿಸದಿರುವುದು ಅಪರಾಧ.